ಸ್ಪರ್ಧೆಯಿಲ್ಲದ ಜಿಮ್ನಾಸ್ಟಿಕ್ಸ್: ನಿಮ್ಮ ಓಣಿಯಲ್ಲೊಂದು ಗುಂಪು ಕಟ್ಟುವ ಬಗೆ

ಬಾಗಲಕೋಟೆ ನವನಗರದ ನಮ್ಮ ಸೆಕ್ಟರಿನ ಉದ್ಯಾನದಲ್ಲಿ ಮಕ್ಕಳಿಗೆ ಲಾಗ ಹಾಕುವುದನ್ನು ಕಲಿಸುತ್ತಿದ್ದ ದಿನಗಳಲ್ಲಿ, ಮೊಮ್ಮಗನನ್ನು ಬಿಡಲು ಬರುತ್ತಿದ್ದ 68 ವರ್ಷದ ಆಯಿಯೊಬ್ಬರು ಕಲ್ಲುಬೆಂಚಿನ ಮೇಲೆ ಕುಳಿತು ಕೊನೆಯವರೆಗೂ ನೋಡುತ್ತಿದ್ದರು. ಒಂದು ದಿನ "ಆಯಿ, ನೀವೂ ಬರ್ರಿ" ಎಂದು ಕರೆದೆ. "ನೆಲಕ್ಕ ಕೂತ್ರ ಏಳಾಕ ಆಗೂದಿಲ್ಲಪ್ಪ, ಅದಕ್ಕ ಕೂಡೂದನ್ನ ಬಿಟ್ಟೀನಿ" ಎಂದರು. ರೊಟ್ಟಿ ಬಡಿಯಲು, ದೇವರ ಮುಂದೆ ಕೂಡಲು, ಮದುವೆಯ ಪಂಕ್ತಿಯಲ್ಲಿ ಉಣ್ಣಲು ನೆಲವನ್ನೇ ನಂಬಿಕೊಂಡ ನಮ್ಮ ಕಡೆಯ ಬದುಕಿನಲ್ಲಿ ಆ ಮಾತಿನ ಭಾರ ಎಷ್ಟೆಂಬುದು ಕೇಳಿದವರಿಗೆ ತಿಳಿಯುತ್ತದೆ. ಮಕ್ಕಳ ತರಗತಿಯಾಗಿದ್ದ ನಮ್ಮ ಗುಂಪು ಎಲ್ಲ ವಯಸ್ಸಿನವರ ಗುಂಪಾಗಿದ್ದು ಆ ಮಾತಿನಿಂದ. ಅಂಥದೊಂದು ಗುಂಪನ್ನು ನಿಮ್ಮ ಊರಿನಲ್ಲಿ ಹೇಗೆ ಕಟ್ಟಬಹುದು, ಏನನ್ನು ಮಾಡಿಸಬೇಕು, ಏನನ್ನು ಮಾಡಿಸಬಾರದು ಎಂಬುದನ್ನು ಇಲ್ಲಿ ವಿವರವಾಗಿ ಹೇಳುತ್ತೇನೆ.

ಅಂಕಗಳಿಲ್ಲದ, ತೀರ್ಪುಗಾರರಿಲ್ಲದ ಜಿಮ್ನಾಸ್ಟಿಕ್ಸ್ ಹೊಸ ಕಲ್ಪನೆಯೇನಲ್ಲ. 1881ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಒಕ್ಕೂಟವು ಒಲಿಂಪಿಕ್ಸ್‌ನಲ್ಲಿ ಕಾಣುವ ಪ್ರಕಾರಗಳ ಜೊತೆಗೆ 'ಎಲ್ಲರಿಗಾಗಿ ಜಿಮ್ನಾಸ್ಟಿಕ್ಸ್' ಎಂಬ ಪ್ರಕಾರವನ್ನೂ ನಡೆಸುತ್ತದೆ. ಅದರ ದೊಡ್ಡ ಮೇಳವಾದ ವಿಶ್ವ ಜಿಮ್ನಾಸ್ಟ್ರಾಡಾ ಮೊದಲ ಬಾರಿಗೆ 1953ರಲ್ಲಿ ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ನಡೆಯಿತು. ಇಂದಿಗೂ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತಿದ್ದು, 2023ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿತ್ತು. ಅಲ್ಲಿಗೆ ಬರುವ ಸಾವಿರಾರು ಜನರಲ್ಲಿ ಮಕ್ಕಳಿರುತ್ತಾರೆ, ಅಜ್ಜ-ಅಜ್ಜಿಯರಿರುತ್ತಾರೆ, ಅಂಗವಿಕಲರಿರುತ್ತಾರೆ. ಯಾರಿಗೂ ಪದಕವಿಲ್ಲ, ಗುಂಪುಗುಂಪಾಗಿ ತಮ್ಮ ಪ್ರದರ್ಶನ ನೀಡಿ, ಉಳಿದವರ ಪ್ರದರ್ಶನ ನೋಡಿ ಊರಿಗೆ ಮರಳುತ್ತಾರೆ. ನಮ್ಮ ನಾಡಿಗೂ ಇದು ಅಪರಿಚಿತವಲ್ಲ. ಗರಡಿಮನೆಯ ಸಾಮು, ಮಲ್ಲಕಂಬ, ಲೇಝೀಮು, ಶಾಲೆಯ ಸಾಮೂಹಿಕ ಕವಾಯತು ಇವೆಲ್ಲ ಇದರ ಹತ್ತಿರದ ಬಂಧುಗಳೇ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ಸೇವಾದಳ ಕಟ್ಟಿದ ನಾ. ಸು. ಹರ್ಡೀಕರರು ಸ್ವಯಂಸೇವಕರನ್ನು ಕವಾಯತಿನ ಮೂಲಕವೇ ಅಣಿಗೊಳಿಸಿದರು. ಆದ್ದರಿಂದ ಯಾರಾದರೂ "ಇದೆಂಥ ಪರದೇಶದ ಆಟ" ಎಂದರೆ ಅವರ ಅಜ್ಜ ಹೊಡೆದ ದಂಡ-ಬಸ್ಕಿಗಳನ್ನು ನೆನಪಿಸಿ, ಮೊದಲ ದಿನ ಅವುಗಳಿಂದಲೇ ಆರಂಭಿಸಿ.

ಜಾಗ, ಹೊತ್ತು, ಹಾಸು

ಗುಂಪು ಕಟ್ಟಲು ಜಿಮ್ ಬೇಡ. ಎಂಟು ಹತ್ತು ಜನ ಕೈಚಾಚಿ ನಿಂತರೆ ಒಬ್ಬರಿಗೊಬ್ಬರು ತಾಗದಷ್ಟು ಸಮತಟ್ಟಾದ ಜಾಗ ಸಾಕು. ಎರೆಮಣ್ಣಿನ ಬಯಲನ್ನು ಆರಿಸಿಕೊಳ್ಳಬೇಡಿ. ಮಳೆಗಾಲದಲ್ಲಿ ಅದು ಕಾಲಿಗೆ ಅಂಟುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಣಕಾಲು ತಿರುಚುತ್ತದೆ. ಗರಸು ಹಾಕಿ ಬಿಗಿಮಾಡಿದ ಅಂಗಳ, ಶಾಲೆಯ ಪಡಸಾಲೆ, ಸಮುದಾಯ ಭವನದ ಹಾಲ್, ಗುಡಿಯ ಮುಂದಿನ ಹಾಸುಗಲ್ಲಿನ ಅಂಗಳ ಒಳ್ಳೆಯವು. ಗಾಲಿಕುರ್ಚಿಯಲ್ಲಿ ಬರುವವರಿದ್ದರೆ ಗರಸಿನಲ್ಲಿ ಮುಂದಿನ ಚಿಕ್ಕ ಗಾಲಿ ಹೂಳುತ್ತದೆಯಾದ್ದರಿಂದ, ಉದ್ಯಾನದ ಕಾಂಕ್ರೀಟ್ ಕಾಲುದಾರಿಗೆ ಅಂಟಿಕೊಂಡ ಜಾಗವನ್ನೇ ಎಲ್ಲರಿಗೂ ಆರಿಸಿಕೊಳ್ಳಿ. ಅವರೊಬ್ಬರನ್ನು ದೂರದ ಕಾಲುದಾರಿಯ ಮೇಲೆ ನಿಲ್ಲಿಸಿ ಉಳಿದವರು ನಡುವೆ ನಿಲ್ಲುವುದು ಸರಿಯಲ್ಲ.

ಊರಿನಲ್ಲಿ ಗರಡಿಯಿದ್ದರೆ ಉಸ್ತಾದರನ್ನು ಮೊದಲು ಕಂಡು ಮಾತನಾಡಿ. ಅಗೆದು, ಸಾಣಿಸಿ, ಮೆದುಮಾಡಿದ ಗರಡಿಯ ಕೆಂಪು ಮಣ್ಣು ಉರುಳು ಕಲಿಯಲು ತೀರ ಒಳ್ಳೆಯದು. ಆದರೆ ಕೆಲವು ಗರಡಿಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವಿಲ್ಲದ ರೂಢಿಯಿದೆ. ಅಂಥಲ್ಲಿ ಅರ್ಧ ಗುಂಪನ್ನು ಹೊರಗಿಟ್ಟು ಒಳಗೆ ಹೋಗುವುದಕ್ಕಿಂತ, ಉಸ್ತಾದರನ್ನೇ ನಿಮ್ಮ ಅಂಗಳಕ್ಕೆ ಕರೆಯುವುದು ಉತ್ತಮವೆಂಬುದು ನನ್ನ ಅಭಿಪ್ರಾಯ.

ಹಾಸುವುದಕ್ಕೆ ಸಾವಿರಾರು ರೂಪಾಯಿಯ ಮ್ಯಾಟ್ ಬರುವವರೆಗೂ ಕಾಯಬೇಕಾಗಿಲ್ಲ. ಕೆಳಗೆ ದಪ್ಪ ಜಮಖಾನೆ, ಅದರ ಮೇಲೆ ಮೂರು ನಾಲ್ಕು ಕೌದಿಗಳನ್ನು ಸುಕ್ಕಿಲ್ಲದಂತೆ ಹಾಸಿದರೆ ಮಲಗಿ, ಹೊರಳಿ, ಮಂಡಿಯೂರಿ ಮಾಡುವ ಎಲ್ಲ ಚಲನೆಗಳಿಗೂ ಸಾಲುತ್ತದೆ. ನುಣುಪಾದ ಫರಶಿಯ ಮೇಲೆ ಮಾತ್ರ ಜಮಖಾನೆ ಜಾರುತ್ತದೆ; ಅದರ ಒಂದಂಚನ್ನು ಗೋಡೆಗೆ ತಾಗಿಸಿ, ಕೆಳಗೆ ಒದ್ದೆ ಗೋಣಿಚೀಲ ಹಾಸಿದರೆ ಹಿಡಿತ ಬರುತ್ತದೆ. ಒಂದು ಮೆಟ್ಟಿಲಿಗಿಂತ ಹೆಚ್ಚಿನ ಎತ್ತರದಿಂದ ಜಿಗಿಯುವುದಕ್ಕೆ ಕೌದಿ ಸಾಲದು, ಅದನ್ನು ಮಾಡಿಸಲೇಬೇಡಿ.

ಬಾಗಲಕೋಟೆ, ವಿಜಯಪುರಗಳಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿಗೆ ಮುಟ್ಟುವುದರಿಂದ ಬೆಳಿಗ್ಗೆ 6ಕ್ಕೆ ಆರಂಭಿಸಿ 7ರೊಳಗೆ ಮುಗಿಸಬೇಕು. ವಾರಕ್ಕೆ ಮೂರು ದಿನ, ಪ್ರತಿದಿನ 45 ನಿಮಿಷ ಸಾಕು. ವಿಶ್ವ ಆರೋಗ್ಯ ಸಂಸ್ಥೆಯು 2020ರ ತನ್ನ ಮಾರ್ಗಸೂಚಿಯಲ್ಲಿ 65 ದಾಟಿದವರು ವಾರಕ್ಕೆ ಕನಿಷ್ಠ ಮೂರು ದಿನ ಸಮತೋಲನ ಮತ್ತು ಬಲವನ್ನು ಬೆಳೆಸುವ ಚಟುವಟಿಕೆ ಮಾಡಬೇಕೆಂದು ಹೇಳಿದೆ. ನಿಮ್ಮ ಮೂರು ದಿನಗಳು ಹಿರಿಯರಿಗೆ ಆ ಲೆಕ್ಕವನ್ನು ತುಂಬಿಕೊಡುತ್ತವೆ.

ಉಡುಪಿನ ಬಗ್ಗೆ ಒಂದೆರಡು ಮಾತು. ಸೀರೆಯುಟ್ಟು ಬರುವವರಿಗೆ ಸೀರೆ ಬಿಟ್ಟು ಬನ್ನಿ ಎಂದರೆ ಅವರು ಬರುವುದನ್ನೇ ಬಿಡುತ್ತಾರೆ. ಸೆರಗನ್ನು ಸೊಂಟಕ್ಕೆ ಸುತ್ತಿ ಸಿಕ್ಕಿಸಿ, ನಿರಿಗೆ ಕಾಲಿಗೆ ತೊಡರದಂತೆ ತುಸು ಮೇಲಕ್ಕೆ ಉಟ್ಟರೆ ನಿಂತು ಮತ್ತು ಕುರ್ಚಿಯಲ್ಲಿ ಕುಳಿತು ಮಾಡುವ ಎಲ್ಲವನ್ನೂ ಮಾಡಬಹುದು. ಗಾಜಿನ ಬಳೆಗಳ ಮೇಲೆ ಕರವಸ್ತ್ರ ಸುತ್ತಿಸಿ. ಕೈಯೂರುವಾಗ ಒಡೆದ ಬಳೆಯ ಚೂರು ಮಣಿಕಟ್ಟಿಗೆ ನೆಟ್ಟದ್ದನ್ನು ನಾನು ಕಂಡಿದ್ದೇನೆ. ಕೊರಳ ಸರವನ್ನು ಕುಪ್ಪಸದೊಳಗೆ ಸೇರಿಸಿಕೊಳ್ಳಲಿ.

ಒಂದೇ ಚಲನೆ, ಮೂರು ರೂಪ

ಈ ಕೆಲಸದ ಜೀವಾಳ ಇರುವುದು ಇಲ್ಲಿ. ಯಾವ ಚಲನೆಯನ್ನು ಕಲಿಸಲು ಹೊರಟರೂ ಅದನ್ನು ಮೂರು ರೂಪಗಳಲ್ಲಿ ಮೊದಲೇ ಸಿದ್ಧಪಡಿಸಿಕೊಳ್ಳಿ: ಕುಳಿತು ಮಾಡುವ ರೂಪ, ಏನನ್ನಾದರೂ ಹಿಡಿದು ನಿಂತು ಮಾಡುವ ರೂಪ, ಆಧಾರವಿಲ್ಲದೆ ಮಾಡುವ ರೂಪ. ನಂತರ ಮೂರನ್ನೂ ಒಟ್ಟಿಗೇ, ಒಂದೇ ಎಣಿಕೆಗೆ ಮಾಡಿಸಿ. ಒಂದು ಕಾಲಿನ ಮೇಲೆ ನಿಲ್ಲುವುದನ್ನೇ ತೆಗೆದುಕೊಳ್ಳಿ. ಹತ್ತು ವರ್ಷದ ಹುಡುಗಿ ಕೈಗಳನ್ನು ಅಗಲಿಸಿ ಒಂಟಿಕಾಲಿನಲ್ಲಿ ಮುಂದಕ್ಕೆ ಬಾಗಿ ನಿಲ್ಲುತ್ತಾಳೆ. ಅವಳ ಅವ್ವ ಗೋಡೆಗೆ ಎರಡು ಬೆರಳು ತಾಗಿಸಿಕೊಂಡು ಹಿಮ್ಮಡಿಯನ್ನಷ್ಟೇ ಎತ್ತುತ್ತಾಳೆ. ಕುರ್ಚಿಯಲ್ಲಿರುವ ಕಾಕಾ ಬೆನ್ನನ್ನು ಒರಗಿಗೆ ತಾಗಿಸದೆ ನೇರವಾಗಿ ಕುಳಿತು, ಒಂದು ಕಾಲನ್ನು ಮುಂದಕ್ಕೆ ಚಾಚಿ ಹತ್ತು ಎಣಿಸುತ್ತಾರೆ. ಮೂವರ ಹೊಟ್ಟೆ-ಬೆನ್ನಿನ ಸ್ನಾಯುಗಳೂ ಒಂದೇ ಕೆಲಸವನ್ನು ಮಾಡುತ್ತಿರುತ್ತವೆ. ಯಾವುದು ಮೇಲು, ಯಾವುದು ಕೀಳು ಎಂಬ ಮಾತು ನಿಮ್ಮ ಬಾಯಿಯಿಂದ ಬರಕೂಡದು. "ಸುಲಭದ್ದು, ಕಷ್ಟದ್ದು" ಎನ್ನುವ ಬದಲು "ಕುಳಿತು, ಹಿಡಿದು, ಬಿಟ್ಟು" ಎಂದೇ ಕರೆಯಿರಿ.

ಈ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮೊದಲ ವರ್ಷ, ಹಿತೈಷಿಗಳ ಒತ್ತಾಯಕ್ಕೆ ಮಣಿದು ಬೇಸಿಗೆ ಶಿಬಿರದ ಕೊನೆಯ ದಿನ ಮಕ್ಕಳಲ್ಲಿ ಮೊದಲನೆಯ, ಎರಡನೆಯ ಬಹುಮಾನ ಕೊಟ್ಟುಬಿಟ್ಟೆ. ಎರಡು ತಿಂಗಳು ಒಂದು ದಿನವೂ ತಪ್ಪಿಸದೆ ಬಂದಿದ್ದ, ತುಸು ದಪ್ಪನೆಯ ಮೈಕಟ್ಟಿನ ಒಬ್ಬ ಹುಡುಗಿ ಮರುದಿನದಿಂದ ಬರಲಿಲ್ಲ. ಆ ಎರಡು ತಿಂಗಳಲ್ಲಿ ಅವಳಷ್ಟು ಕಲಿತವರು ಬೇರೆ ಯಾರೂ ಇರಲಿಲ್ಲ. ಆದರೆ ನನ್ನ ಬಹುಮಾನಕ್ಕೆ ಅದನ್ನು ಅಳೆಯುವ ಅಳತೆಗೋಲಿರಲಿಲ್ಲ. ಅಂದಿನಿಂದ ಬಹುಮಾನವನ್ನು ಕೈಬಿಟ್ಟೆವು.

45 ನಿಮಿಷವನ್ನು ಹಂಚುವುದು

ಮೊದಲ ಹತ್ತು ನಿಮಿಷ ಮೈ ಬಿಸಿ ಮಾಡಲು. ನಡಿಗೆ, ತುದಿಗಾಲ ನಡಿಗೆ, ಹಿಮ್ಮಡಿ ನಡಿಗೆ, ಭುಜ ತಿರುಗಿಸುವುದು, ಲೇಝೀಮಿನ ಸರಳ ಹೆಜ್ಜೆ. ನೆಲದ ಮೇಲೆ ರಂಗೋಲಿ ಪುಡಿಯಿಂದ ಹತ್ತು ಅಡಿಯ ಒಂದು ನೇರ ಗೆರೆ, ಒಂದು ಬಳುಕು ಗೆರೆ ಎಳೆದು ಅವುಗಳ ಮೇಲೆ ನಡೆಸಿದರೆ ಮಕ್ಕಳಿಗೆ ಆಟ, ಹಿರಿಯರಿಗೆ ಸಮತೋಲನದ ಅಭ್ಯಾಸ. ಗೆರೆಯ ಪಕ್ಕದಲ್ಲಿ ಗೋಡೆಯೋ ಹೆಗಲು ಕೊಡುವ ಒಬ್ಬ ಹುಡುಗನೋ ಇರಲಿ. ಹಿರಿಯರಲ್ಲಿ ಯಾರು ಎಲ್ಲಿಂದ ಆರಂಭಿಸಬೇಕೆಂದು ತಿಳಿಯಲು ನಾಲ್ಕು ನಿಲುವುಗಳನ್ನು ನೋಡಿ: ಎರಡು ಪಾದ ಜೋಡಿಸಿ, ಒಂದು ಪಾದವನ್ನು ಅರ್ಧ ಮುಂದಿಟ್ಟು, ಒಂದರ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ, ಕೊನೆಗೆ ಒಂಟಿಕಾಲಿನಲ್ಲಿ, ಪ್ರತಿಯೊಂದೂ 10 ಸೆಕೆಂಡು. ಎಲ್ಲಿ ಓಲಾಡಿದರೋ ಅದರ ಹಿಂದಿನ ನಿಲುವಿನಿಂದ ಅವರ ಅಭ್ಯಾಸ ಆರಂಭವಾಗಲಿ.

ನಂತರದ ಇಪ್ಪತ್ತೈದು ನಿಮಿಷದಲ್ಲಿ ದಿನಕ್ಕೆ ಎರಡೇ ವಿಷಯಗಳನ್ನು ತೆಗೆದುಕೊಳ್ಳಿ. ನೆಲ ಮುಟ್ಟುವುದು (ಅಂದರೆ ಜಿಗಿದು ಪಾದಗಳ ಮೇಲೆ ಇಳಿಯುವುದು), ಸ್ಥಿರವಾಗಿ ನಿಲ್ಲುವುದು, ಚಲಿಸುವುದು, ತೂಗುವುದು, ಉರುಳುವುದು, ಜಿಗಿಯುವುದು ಎಂಬ ಆರು ಬಗೆಯ ಚಲನೆಗಳಲ್ಲಿ ಜಿಮ್ನಾಸ್ಟಿಕ್ಸ್‌ನ ಬಹುಪಾಲು ಅಡಗಿದೆ. ಜಿಗಿಯುವುದನ್ನು ಎಲ್ಲರೂ ಮೊದಲು ಕೇಳುತ್ತಾರೆ. ನೀವು ಮಾತ್ರ ನೆಲ ಮುಟ್ಟುವುದರಿಂದಲೇ ಆರಂಭಿಸಬೇಕು. ಪಾದಗಳ ನಡುವೆ ಸೊಂಟದಷ್ಟು ಅಂತರ, ಮಂಡಿ ತುಸು ಬಾಗಿ ಬೆರಳುಗಳ ದಿಕ್ಕಿಗೇ ಇರಬೇಕು, ಕೈಗಳು ಮುಂದೆ, ಕಣ್ಣು ಎದುರಿಗೆ. ಕುರ್ಚಿಯ ಮೇಲೆ ಕುಳಿತುಕೊಳ್ಳಲು ಹೊರಟವರು ಅರ್ಧದಲ್ಲಿ ನಿಂತಂತೆ. ಮಕ್ಕಳಿಗೆ ಮೊದಲು ನೆಲದಿಂದ ನೆಲಕ್ಕೆ, ಆಮೇಲೆ ಒಂದು ಮೆಟ್ಟಿಲಿನ ಎತ್ತರದಿಂದ ಮಾಡಿಸಿ, ಸದ್ದನ್ನು ಕೇಳಿಸಿಕೊಳ್ಳಲು ಹೇಳಿ. ಬೆಕ್ಕು ಕಟ್ಟೆಯಿಂದ ಇಳಿದಂತೆ ಸದ್ದಿಲ್ಲದೆ ಇಳಿದರೆ ಸರಿ, ದಪ್ಪೆಂದು ಬಿದ್ದರೆ ಮಂಡಿ ಬಾಗಿಲ್ಲವೆಂದೇ ಅರ್ಥ. ದೊಡ್ಡವರಿಗೆ ಇದರ ರೂಪವೆಂದರೆ ಕುರ್ಚಿಯಿಂದ ಕೈಯೂರದೆ ಎದ್ದು, ಮೂರು ಎಣಿಸುತ್ತ ನಿಧಾನವಾಗಿ ಕೂಡುವುದು. ಪ್ಲಾಸ್ಟಿಕ್ ಕುರ್ಚಿಯ ಕಾಲು ಅಗಲಿ ಜಾರುತ್ತದೆಯಾದ್ದರಿಂದ ಕಟ್ಟಿಗೆಯ ಅಥವಾ ಕಬ್ಬಿಣದ ಕುರ್ಚಿಯನ್ನೇ, ಅದೂ ಗೋಡೆಗೆ ಒರಗಿಸಿ ಬಳಸಿ.

ಇನ್ನು ನೆಲದಿಂದ ಏಳುವುದು. ಯಾವ ಪಲ್ಟಿಗಿಂತಲೂ ಇದು ದೊಡ್ಡ ವಿದ್ಯೆಯೆಂದು ನಾನು ಮನಃಪೂರ್ವಕ ನಂಬುತ್ತೇನೆ. ಅಂಗಾತ ಮಲಗಿದವರು ಮೊದಲು ಎರಡೂ ಮಂಡಿಗಳನ್ನು ಮಡಿಚಿ, ಗಟ್ಟಿಯಾದ ಮಗ್ಗುಲಿಗೆ ಹೊರಳಬೇಕು. ಕೆಳಗಿನ ಮೊಣಕೈ, ಮೇಲಿನ ಅಂಗೈ ಎರಡನ್ನೂ ಊರಿ ನೆಲವನ್ನು ದೂಡಿದರೆ ಮೈ ಅರ್ಧ ಏಳುತ್ತದೆ. ಇಲ್ಲಿ ಎರಡು ಉಸಿರು ನಿಲ್ಲಬೇಕು, ಏಕೆಂದರೆ ತಲೆ ಸುತ್ತುವುದು ಸಾಮಾನ್ಯವಾಗಿ ಈ ಹಂತದಲ್ಲಿಯೇ. ಅಲ್ಲಿಂದ ಅಂಬೆಗಾಲಿಡುವ ಮಗುವಿನಂತೆ ನಾಲ್ಕು ಕಾಲಿನ ಭಂಗಿಗೆ ಬಂದು, ಕುರ್ಚಿಯತ್ತ ತೆವಳಿ, ಎರಡೂ ಕೈಗಳನ್ನು ಕುರ್ಚಿಯ ಮೇಲಿಡಬೇಕು. ಬಲವಾದ ಕಾಲಿನ ಪಾದವನ್ನು ಮುಂದೆ ಪೂರ್ತಿಯಾಗಿ ಊರಿ, ಮೂಗು ಪಾದದ ಮೇಲೆ ಬರುವಷ್ಟು ಮುಂದಕ್ಕೆ ವಾಲಿ, ಆ ಕಾಲಿನಿಂದ ನೆಲವನ್ನು ಒತ್ತಿ ಎದ್ದು, ತಿರುಗಿ ಕುರ್ಚಿಯಲ್ಲಿ ಕೂಡಬೇಕು. ಮೊದಲ ವಾರ ಹೊರಳುವುದಷ್ಟೇ, ಎರಡನೆಯ ವಾರ ಮೊಣಕೈವರೆಗೆ, ಹೀಗೆ ಒಂದೊಂದೇ ಹಂತ ಸೇರಿಸಿ. ಮಂಡಿ ನೋವಿದ್ದವರಿಗೆ ಮಂಡಿಯ ಕೆಳಗೆ ಮಡಿಚಿದ ಕೌದಿ ಇರಲಿ. ಸಹಾಯ ಮಾಡುವವರು ಕೈಹಿಡಿದು ಎಳೆಯಕೂಡದು; ಎಳೆದರೆ ಭುಜಕ್ಕೆ ಪೆಟ್ಟಾಗುತ್ತದೆ, ಕಲಿಯುವುದೂ ನಿಲ್ಲುತ್ತದೆ. ಕುರ್ಚಿಯನ್ನು ಅಲುಗದಂತೆ ಒತ್ತಿ ಹಿಡಿದು, ಮುಂದಿನ ಹಂತವನ್ನು ಬಾಯಲ್ಲಿ ಹೇಳುತ್ತಿದ್ದರೆ ಸಾಕು. ಮೊದಲು ಹೇಳಿದ ಆಯಿಗೆ ಇದನ್ನು ಕಲಿಯಲು ಏಳು ವಾರ ಬೇಕಾಯಿತು. ಮೊದಲ ಸಲ ಯಾರ ನೆರವೂ ಇಲ್ಲದೆ ಎದ್ದು ಕುರ್ಚಿಯಲ್ಲಿ ಕುಳಿತಾಗ ಅವರು ಏನೂ ಮಾತನಾಡಲಿಲ್ಲ, ಮತ್ತೆ ಕೌದಿಯ ಮೇಲೆ ಇಳಿದು ಇನ್ನೊಮ್ಮೆ ಎದ್ದರು.

ಮಕ್ಕಳು ಕಾಯುವುದು ಲಾಗಕ್ಕೆ. ಮುಂದಕ್ಕೆ ಉರುಳುವುದನ್ನು ಇಳಿಜಾರಿನಲ್ಲಿ ಕಲಿಸಿದರೆ ಕತ್ತಿನ ಮೇಲೆ ಬೀಳುವ ಭಾರ ಕಡಿಮೆಯಾಗುತ್ತದೆ. ಒಂದು ಹಲಗೆಯ ಒಂದು ತುದಿಯನ್ನು ಎರಡು ಇಟ್ಟಿಗೆಗಳ ಮೇಲೆ ಅಲುಗದಂತೆ ಇಟ್ಟು ಮೇಲೆ ಕೌದಿ ಹಾಸಿದರೆ ಇಳಿಜಾರು ಸಿದ್ಧ. ಎತ್ತರದ ತುದಿಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಅಂಗೈಗಳನ್ನು ಭುಜದಷ್ಟು ಅಗಲದಲ್ಲಿ ಊರಿ, ಗದ್ದವನ್ನು ಎದೆಗೆ ಒತ್ತಿ ಹೊಕ್ಕುಳವನ್ನು ನೋಡುತ್ತ ಸೊಂಟ ಎತ್ತಬೇಕು. ನೆಲಕ್ಕೆ ಮೊದಲು ತಾಗಬೇಕಾದದ್ದು ಬೆನ್ನಿನ ಮೇಲ್ಭಾಗವೇ ಹೊರತು ನೆತ್ತಿಯಲ್ಲ. ಗದ್ದದ ಕೆಳಗೆ ಒಂದು ಕರವಸ್ತ್ರ ಸಿಕ್ಕಿಸಿ "ಬೀಳಿಸಬೇಡ" ಎಂದರೆ ಮಕ್ಕಳು ತಲೆ ಎತ್ತುವುದಿಲ್ಲ. ಇದು ನೂರು ಸೂಚನೆಗಳಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಪಕ್ಕದಲ್ಲಿ ಮಂಡಿಯೂರಿ ಕುಳಿತ ಸಹಾಯಕರು ಒಂದು ಕೈಯನ್ನು ತಲೆಯ ಹಿಂಭಾಗಕ್ಕೆ ಹಗುರವಾಗಿ ತಾಗಿಸಿ, ಇನ್ನೊಂದನ್ನು ತೊಡೆಯ ಹಿಂದೆ ಇಟ್ಟಿರಲಿ. ಮಗು ತಾನಾಗಿ ಉರುಳುವವರೆಗೆ ದೂಡಬಾರದು. ಎಂಟು ಮಕ್ಕಳಿಗೆ ಒಬ್ಬ ದೊಡ್ಡವರಾದರೂ ಇರಲೇಬೇಕು, ಇಲ್ಲದ ದಿನ ಉರುಳು ಬೇಡ.

ಕೊನೆಯ ಹತ್ತು ನಿಮಿಷ ಮೈ ಸಡಿಲಿಸಿ, ಮಲಗಿ ಉಸಿರಾಟ ಗಮನಿಸಿ, ನೀರೋ ಉಪ್ಪು ಹಾಕಿದ ಮಜ್ಜಿಗೆಯೋ ಕುಡಿದು ಮುಗಿಸಿ.

ಯಾರಿಗೆ ಏನು ಬೇಡ

ಮೊದಲ ದಿನವೇ ಪ್ರತಿಯೊಬ್ಬರೊಡನೆ ಬೇರೆಯಾಗಿ ಕುಳಿತು ಆರೋಗ್ಯದ ವಿಷಯ ಕೇಳಿ ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಎಲ್ಲರ ಎದುರಿಗೆ ಕೇಳಿದರೆ ಜನ ಮುಚ್ಚಿಡುತ್ತಾರೆ. ಹತೋಟಿಗೆ ಬಾರದ ಬಿ.ಪಿ., ಕಣ್ಣಿನ ಒತ್ತಡದ ಕಾಯಿಲೆ, ಇತ್ತೀಚೆಗೆ ಕಣ್ಣಿನ ಆಪರೇಷನ್ ಆಗಿರುವುದು ಇವಿದ್ದಲ್ಲಿ ತಲೆ ಕೆಳಗಾಗುವ ಯಾವ ಭಂಗಿಯೂ ಬೇಡ. ಮೂಳೆ ಸವೆದವರಿಗೆ ಬೆನ್ನು ಗುಂಡಗೆ ಮಾಡಿ ಉರುಳುವುದು ಬೇಡ. ಸಕ್ಕರೆ ಕಾಯಿಲೆಯವರು ಬರಿಹೊಟ್ಟೆಯಲ್ಲಿ ಬರಬಾರದು. ಕೈ ನಡುಗಿ ಬೆವೆತರೆ ಕೊಡಲು ಸಕ್ಕರೆಯೋ ಬೆಲ್ಲವೋ ನಿಮ್ಮ ಚೀಲದಲ್ಲಿ ಸದಾ ಇರಲಿ, ಅಂಗಾಲು ಜೋಮು ಹಿಡಿಯುವವರು ಬರಿಗಾಲಿನಲ್ಲಿ ಗರಸಿನ ಮೇಲೆ ನಿಲ್ಲದಿರಲಿ. ಬಸುರಿಯರು, ಹೃದಯದ ತೊಂದರೆ ಇದ್ದವರು ತಮ್ಮ ವೈದ್ಯರನ್ನು ಕೇಳಿಯೇ ಬರಲಿ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಕೆಲವರಿಗೆ ಕತ್ತಿನ ಮೇಲಿನ ಎರಡು ಎಲುಬುಗಳ ನಡುವಿನ ಬಿಗಿ ಸಡಿಲವಾಗಿರುತ್ತದೆ. ವೈದ್ಯರು ಪರೀಕ್ಷಿಸಿ ಒಪ್ಪುವವರೆಗೆ ಅವರಿಗೆ ಲಾಗ, ತಲೆಯೂರುವುದು ಎರಡೂ ಕೂಡದು. ಅವರು ಲೇಝೀಮು, ನಿಲುವು, ನಡಿಗೆ, ತೂಗುಗಳಲ್ಲಿ ಎಲ್ಲರಿಗಿಂತ ಮುಂದೆಯೇ ನಿಲ್ಲಬಹುದು.

ಕಣ್ಣು ಕಾಣದವರಿಗೆ ಚಲನೆಯನ್ನು ಮಾತಿನಲ್ಲಿ ಬಿಡಿಸಿ ಹೇಳಿ, ಅವರ ಅನುಮತಿ ಕೇಳಿ ನಿಮ್ಮ ಭುಜದ ಮೇಲೆ ಅವರ ಕೈಯಿರಿಸಿ ಮಾಡಿ ತೋರಿಸಿ. ಅವರ ಕೌದಿಯ ಜಾಗವನ್ನು ಎಂದೂ ಬದಲಿಸಬೇಡಿ. ಕಿವಿ ಕೇಳದವರಿಗೆ ಮುಖ ಕೊಟ್ಟು ನಿಂತು, ಬಣ್ಣದ ಶಲ್ಯ ಬೀಸಿ ಆರಂಭವನ್ನೂ ಮುಕ್ತಾಯವನ್ನೂ ತಿಳಿಸಿ. ಗಾಲಿಕುರ್ಚಿಯವರು ಬ್ರೇಕ್ ಹಾಕಿದ್ದಾರೆಯೇ ಎಂದು ಪ್ರತಿ ಸಲ ನೋಡಿ. ಎರಡೂ ಕೈಗಳಿಂದ ಕುರ್ಚಿಯ ಹಿಡಿಕೆಯನ್ನು ಒತ್ತಿ ಕೂತ ಜಾಗದಿಂದ ಮೈಯನ್ನು ಮೇಲೆತ್ತುವ ಅಭ್ಯಾಸ ಅವರಿಗೆ ದಂಡಕ್ಕೆ ಸಮನಾದದ್ದು, ಜೊತೆಗೆ ಒಂದೇ ಕಡೆ ಒತ್ತಡ ಬಿದ್ದು ಆಗುವ ಹುಣ್ಣನ್ನೂ ದೂರವಿಡುತ್ತದೆ.

ಪ್ರದರ್ಶನ

ಸ್ಪರ್ಧೆಯಿಲ್ಲವೆಂದ ಮಾತ್ರಕ್ಕೆ ಗುರಿಯಿಲ್ಲವೆಂದಲ್ಲ. ಐದಾರು ತಿಂಗಳಿಗೊಮ್ಮೆ ಊರಿನ ಎದುರು ಒಂದು ಪ್ರದರ್ಶನ ಇಟ್ಟುಕೊಂಡರೆ ಗುಂಪಿಗೆ ಹುರುಪು ಬರುತ್ತದೆ. ನವೆಂಬರ್ 1ರ ರಾಜ್ಯೋತ್ಸವ ನಮ್ಮ ಕಡೆ ಇದಕ್ಕೆ ತಕ್ಕ ದಿನ. ಐದು ನಿಮಿಷ ಸಾಕು. ಎಲ್ಲರೂ ಆರಂಭದಿಂದ ಕೊನೆಯವರೆಗೆ ಅಂಗಳದಲ್ಲೇ ಇರುವಂತೆ ಹೆಣೆಯಿರಿ. ಚುರುಕಿನ ಮಕ್ಕಳು ಮುಂದೆ, ಹಿರಿಯರು ಹಿಂದೆ ಅಲಂಕಾರಕ್ಕೆ ಎಂಬಂತೆ ನಿಲ್ಲಿಸಬಾರದು. ಹಲಗೆ ವಾದ್ಯದ ಬಡಿತಕ್ಕೆ ಎಂಟೆಂಟು ಎಣಿಕೆಯ ತುಂಡುಗಳಾಗಿ ಕಟ್ಟಿ, ಒಂದು ತುಂಡನ್ನು ಕುರ್ಚಿಯಲ್ಲಿ ಕುಳಿತವರೇ ನಡೆಸಲಿ, ಉಳಿದವರು ಅವರನ್ನು ಅನುಸರಿಸಲಿ. ಬಣ್ಣದ ಸೆರಗು, ಲೇಝೀಮು, ಬಿದಿರಿನ ಕೋಲು ಇವು ಚಿಕ್ಕ ಚಲನೆಯನ್ನೂ ದೂರಕ್ಕೆ ಕಾಣಿಸುತ್ತವೆ. ಶಾಲಾ ಸಮಾರಂಭಗಳಲ್ಲಿ ಕಾಣುವ ಮೂರು ನಾಲ್ಕು ಅಂತಸ್ತಿನ ಮಾನವ ಗೋಪುರವನ್ನು ಯಾರು ಕೇಳಿದರೂ ಕಟ್ಟಬೇಡಿ. ಅದರಲ್ಲಿ ಕೆಳಗಿನವರ ಬೆನ್ನು, ಮೇಲಿನವರ ಕತ್ತು ಎರಡೂ ಅಪಾಯದಲ್ಲಿರುತ್ತವೆ.

ಕೊನೆಯದಾಗಿ, ಪ್ರದರ್ಶನದ ಮರುದಿನ ರಜೆ ಕೊಡಬೇಡಿ. ಹಿಂದಿನ ದಿನ ದೂರದಲ್ಲಿ ನಿಂತು ನೋಡಿದವರಲ್ಲಿ ಒಬ್ಬಿಬ್ಬರು ಯಾರಿಗೂ ಹೇಳದೆ ಬೆಳಿಗ್ಗೆ 6ಕ್ಕೆ ಉದ್ಯಾನದ ಗೇಟಿನ ಬಳಿ ಬಂದು ನಿಂತಿರುತ್ತಾರೆ. ಅಷ್ಟು ಹೊತ್ತಿಗೆ ಕೌದಿ ಹಾಸಿರಬೇಕು, ಗೋಡೆಗೆ ಒಂದು ಕುರ್ಚಿ ಹೆಚ್ಚಿಗೆ ಒರಗಿಸಿರಬೇಕು.